ಕಾರ್ಡು ತಿರುಗುವುದಕ್ಕೆ ಮುಂಚೆ

ಪ್ರಯೋಗಾಲಯದ ಸುರಕ್ಷತೆ ಕುರಿತ ಒಂದು ಆನ್‌ಲೈನ್ ಕೋರ್ಸ್‌ಗಾಗಿ ನಾನು ಮೊದಲ ಸಲ ತಿರುಗುವ ಫ್ಲ್ಯಾಶ್‌ಕಾರ್ಡ್‌ಗಳನ್ನು ಮಾಡಿದಾಗ ಅವು ತಿರುಗುವ ಚೆಂದಕ್ಕೆ ನಾನೇ ಮರುಳಾಗಿದ್ದೆ. ವಿಷಯ ಸರಳವಾಗಿತ್ತು: ರಾಸಾಯನಿಕಗಳ ಬಾಟಲಿಗಳ ಮೇಲಿರುವ ಅಪಾಯಸೂಚಕ ಚಿಹ್ನೆಗಳು. ವಿಶ್ವಸಂಸ್ಥೆಯ ಜಿಎಚ್‌ಎಸ್ ಪದ್ಧತಿಯಲ್ಲಿ ಇಂಥ 9 ಚಿಹ್ನೆಗಳಿವೆ. ಪ್ರತಿಯೊಂದೂ ಮೂಲೆಯ ಮೇಲೆ ನಿಂತ, ಕೆಂಪು ಅಂಚಿನ ಚೌಕದೊಳಗಿನ ಒಂದು ಕಪ್ಪು ಚಿತ್ರ. ಕಾರ್ಡಿನ ಮುಂಬದಿಯಲ್ಲಿ ಚಿಹ್ನೆ, ಹಿಂಬದಿಯಲ್ಲಿ ಅದರ ಅರ್ಥ. ಮುನ್ನೆಚ್ಚರಿಕೆಗಳ ಇನ್ನೂ 9 ಕಾರ್ಡುಗಳು ಸೇರಿ ಒಟ್ಟು 18. ಒತ್ತಿದೊಡನೆ ಕಾರ್ಡು ತುಸು ಮೇಲೆದ್ದು, ಅದರ ನೆರಳು ಹರಡಿಕೊಂಡು, ನಿಧಾನವಾಗಿ ಮಗುಚಿ, ಕೊನೆಯಲ್ಲಿ ಬೇಕಾದುದಕ್ಕಿಂತ ಒಂದಿಷ್ಟು ಹೆಚ್ಚೇ ತಿರುಗಿ, ಮತ್ತೆ ಹಿಂದೆ ಬಂದು ಕೂರುತ್ತಿತ್ತು. ಇಷ್ಟಕ್ಕೆಲ್ಲ 1.2 ಸೆಕೆಂಡು. ಕೊನೆಯ ಆ ಪುಟಿತವೊಂದಕ್ಕೇ ಇಡೀ ಒಂದು ಸಂಜೆ ಕಳೆದಿದ್ದೆ ಎಂದು ಹೇಳಿಕೊಳ್ಳಲು ಈಗ ಸಂಕೋಚವಾಗುತ್ತದೆ.

ಕೋರ್ಸ್ ಬಿಡುಗಡೆಯಾಗುವ ಮುನ್ನ, ಈ ಚಿಹ್ನೆಗಳ ಪರಿಚಯವಿಲ್ಲದ ಒಬ್ಬರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಪಕ್ಕದಲ್ಲಿ ಮಾತಾಡದೆ ಕುಳಿತು ನೋಡಿದೆ. ಮೊದಲ ಕಾರ್ಡು ತಿರುಗಿದಾಗ ಅವರ ಮುಖ ಅರಳಿತು. ಎರಡನೆಯದಕ್ಕೂ ಸ್ವಲ್ಪ ಅರಳಿತು. ಮೂರನೆಯದರಿಂದ ಮುಂದೆ ಅವರು ಕಾರ್ಡು ಪೂರ್ತಿ ಮಗುಚುವವರೆಗೂ ಕಾಯದೆ, ಸಾಲಾಗಿರುವ ಸ್ವಿಚ್‌ಗಳನ್ನು ಒಂದೊಂದಾಗಿ ಹಾಕುತ್ತ ಹೋಗುವವರಂತೆ ಎಡದಿಂದ ಬಲಕ್ಕೆ ಒತ್ತುತ್ತ ಹೋದರು. ಹದಿನೆಂಟೂ ಮಗುಚಿದ ಮೇಲೆ “ಮುಗೀತು, ಚೆನ್ನಾಗಿದೆ” ಎಂದರು. ಕೋರ್ಸ್ ಕೂಡ ಅವರ ಮಾತನ್ನು ಒಪ್ಪಿಕೊಂಡು ಹಸಿರು ಗುರುತು ಹಾಕಿತು. ವೃತ್ತದ ಮೇಲೆ ಜ್ವಾಲೆಯಿರುವ ಚಿಹ್ನೆಯನ್ನು ತೋರಿಸಿ, ಇದೇನು ಎಂದು ಕೇಳಿದೆ. “ಬೆಂಕಿ ಹತ್ತಿಕೊಳ್ಳುವ ವಸ್ತು ಅಲ್ವಾ?” ಎಂದರು. ಅಲ್ಲ. ಬರೀ ಜ್ವಾಲೆಯಿದ್ದರೆ ಅದು ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ವೃತ್ತದ ಮೇಲಿನ ಜ್ವಾಲೆಯಾದರೆ ಉತ್ಕರ್ಷಣಕಾರಿ, ಅಂದರೆ ತಾನು ಹೊತ್ತಿಕೊಳ್ಳದಿದ್ದರೂ ಪಕ್ಕದಲ್ಲಿರುವುದು ಇನ್ನಷ್ಟು ಜೋರಾಗಿ ಉರಿಯುವಂತೆ ಮಾಡುವಂಥದ್ದು. ಇವೆರಡನ್ನೂ ಅಕ್ಕಪಕ್ಕ ಇಡಬಾರದು ಎಂಬುದೇ ಆ ಪಾಠದ ಮುಖ್ಯ ಮಾತು. ಆ ಕಾರ್ಡನ್ನು ಅವರು ಎರಡು ನಿಮಿಷದ ಹಿಂದಷ್ಟೇ ತಿರುಗಿಸಿದ್ದರು.

ತಪ್ಪು ಅವರದಾಗಿರಲಿಲ್ಲ. ಪ್ರತಿ ಕಾರ್ಡಿನ ಕೆಳಗೂ “ತಿರುಗಿಸಲು ಒತ್ತಿ” ಎಂದು ನಾನೇ ಬರೆದಿದ್ದೆ; ಅವರು ಒತ್ತಿದ್ದರು. ಫ್ಲ್ಯಾಶ್‌ಕಾರ್ಡಿನ ಸತ್ವವೆಲ್ಲ ಇರುವುದು ಮುಂಬದಿಯನ್ನು ನೋಡುವುದಕ್ಕೂ ಕಾರ್ಡನ್ನು ತಿರುಗಿಸುವುದಕ್ಕೂ ನಡುವಿನ ಆ ಸಣ್ಣ ಅವಧಿಯಲ್ಲಿ, ಓದುವವರು ಉತ್ತರಕ್ಕಾಗಿ ತಮ್ಮ ನೆನಪಿನಲ್ಲೇ ತಡಕಾಡುವ ಕೆಲವು ಸೆಕೆಂಡುಗಳಲ್ಲಿ. ನನ್ನ 1.2 ಸೆಕೆಂಡಿನ ಕುಸುರಿ ಕೆಲಸವೆಲ್ಲ ಆ ಅವಧಿ ಕಳೆದ ಮೇಲೆ ಶುರುವಾಗುತ್ತಿತ್ತು. ಅಷ್ಟೇ ಅಲ್ಲ, ತಿರುಗುವುದು ಅಷ್ಟೊಂದು ಆಕರ್ಷಕವಾಗಿದ್ದುದರಿಂದ, ಯೋಚಿಸದೆ ಬೇಗ ಒತ್ತಿಬಿಡುವಂತೆ ಅದೇ ಆಸೆ ಹುಟ್ಟಿಸುತ್ತಿತ್ತು.

ಓದಿದ್ದನ್ನು ಮತ್ತೆ ಓದುವುದಕ್ಕೂ ನೆನಪಿನಿಂದ ಹೊರಗೆ ಎಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಚೆನ್ನಾಗಿ ತೋರಿಸಿದೆ. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿದರು. ಬಳಿಕ ಅದನ್ನೇ ಮತ್ತೊಮ್ಮೆ ಓದಿದರು, ಇಲ್ಲವೇ ಅದನ್ನು ನೋಡದೆ ನೆನಪಾದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಎರಡು ದಿನದ ನಂತರ ಮತ್ತು ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿಸಿಕೊಂಡು ಬರೆದವರು ಮುಂದಾದರು. ಕೋರ್ಸ್ ತಯಾರಿಸುವವರಿಗೆ ಇದರಲ್ಲೊಂದು ತೊಡಕಿದೆ: ಪಾಠ ಮುಗಿದ ಕೂಡಲೇ ಕೊಡುವ ಪುಟ್ಟ ಪರೀಕ್ಷೆಯಲ್ಲಿ, ಉತ್ತರಗಳನ್ನು ಸುಮ್ಮನೆ ತೆರೆದು ತೋರಿಸಿದ ಕಾರ್ಡುಗಳೂ ಚೆನ್ನಾಗಿ ಕೆಲಸ ಮಾಡಿದಂತೆಯೇ ಕಾಣಬಹುದು.

ಮೊದಲಿಗೆ ನಾನು ಮಾಡಿದ ತಿದ್ದುಪಡಿ ಒರಟಾದದ್ದು. ಚಿಹ್ನೆ ಕಾಣಿಸಿಕೊಂಡು ಮೂರು ಸೆಕೆಂಡು ಕಳೆಯುವವರೆಗೆ ಕಾರ್ಡು ತಿರುಗದಂತೆ ಬೀಗ ಹಾಕಿದೆ. ಅಂಚಿನ ಸುತ್ತ ತೆಳ್ಳಗಿನ ಗೆರೆಯೊಂದು ತುಂಬುತ್ತ ಬರುವ ಆನಿಮೇಶನ್ ಇಟ್ಟೆ. ಫಲಿತಾಂಶ ನಗು ಬರುವಂತಿತ್ತು. ಚಿಹ್ನೆಯನ್ನು ಯಾರೂ ನೋಡಲಿಲ್ಲ, ಎಲ್ಲರೂ ಗೆರೆಯನ್ನು ನೋಡಿದರು. ಕಾಯಿಸಿದ ಮಾತ್ರಕ್ಕೆ ಯಾರೂ ಯೋಚಿಸುವುದಿಲ್ಲ. ಲಿಫ್ಟಿನ ಮುಂದೆ ನಿಂತವರಂತೆ ಕಾಯುತ್ತಾರೆ, ಅಷ್ಟೇ.

ಕೊನೆಗೆ ದಾರಿ ತೋರಿಸಿದ್ದು, ಎಷ್ಟೋ ವರ್ಷಗಳಿಂದ ಬಳಸುತ್ತಿದ್ದರೂ ಗಮನವಿಟ್ಟು ನೋಡಿರದ ಒಂದು ಉಪಕರಣ. ಆನ್‌ಲೈನ್ ಪಾಠಗಳನ್ನು ಕಟ್ಟುವ ಎಚ್5ಪಿ ಎಂಬ ಆ ಉಪಕರಣದಲ್ಲಿ ಕಾರ್ಡುಗಳನ್ನು ಮಾಡಲು ಎರಡು ಬಗೆಗಳಿವೆ. “ಡೈಲಾಗ್ ಕಾರ್ಡ್ಸ್” ಎಂಬುದು ಒತ್ತಿದರೆ ಮಗುಚುತ್ತದೆ. “ಫ್ಲ್ಯಾಶ್‌ಕಾರ್ಡ್ಸ್” ಎಂಬುದಾದರೆ ಓದುವವರು ಮೊದಲು ತಮ್ಮ ಉತ್ತರವನ್ನು ಟೈಪ್ ಮಾಡಬೇಕು, ಆಮೇಲೆ ಸರಿ ಉತ್ತರವನ್ನು ತೋರಿಸುತ್ತದೆ. ಎರಡನೆಯದು ನೋಡಲು ಸಪ್ಪೆ ಎಂದು ನಾನು ಯಾವಾಗಲೂ ಮೊದಲನೆಯದನ್ನೇ ಆರಿಸುತ್ತಿದ್ದೆ. ಆ ಸಪ್ಪೆ ಪೆಟ್ಟಿಗೆ ಮಾಡುವ ಕೆಲಸವನ್ನು ನನ್ನ ಪುಟಿಯುವ ಕಾರ್ಡು ಮಾಡುತ್ತಿರಲಿಲ್ಲ: ಉತ್ತರ ಕಾಣುವ ಮೊದಲು ಓದುವವರಿಂದ ಒಂದು ಮಾತು ಹೊರಡಿಸುವುದು. ಹಾಗಾಗಿ ಈಗ ನನ್ನ ಕಾರ್ಡುಗಳಲ್ಲಿ ಚಿಹ್ನೆಯ ಕೆಳಗೆ ಒಂದು ಚಿಕ್ಕ ಬರೆಯುವ ಜಾಗವಿರುತ್ತದೆ, ಅದರ ಪಕ್ಕದಲ್ಲಿ “ಗೊತ್ತಿಲ್ಲ” ಎಂಬ ಗುಂಡಿ. ಎರಡರಲ್ಲಿ ಒಂದನ್ನು ಮುಟ್ಟದೆ ಕಾರ್ಡು ತಿರುಗುವುದಿಲ್ಲ. ಬರೆದ ಪದವನ್ನು ಯಂತ್ರ ತಿದ್ದುವುದಿಲ್ಲ. ಅದು ಹಿಂಬದಿಯಲ್ಲಿ ಸರಿ ಉತ್ತರದ ಪಕ್ಕದಲ್ಲೇ, ಬರೆದದ್ದು ಬರೆದಂತೆಯೇ ಕಾಣುತ್ತದೆ. ಕಾಗುಣಿತ ತಪ್ಪಿದ್ದಕ್ಕೆ ಅಂಕ ಕಳೆಯುವ ಕಾರ್ಡುಗಳನ್ನು ಕಂಡು ನನಗೆ ಸಾಕಾಗಿದೆ. ಅವೆರಡು ಪದಗಳನ್ನು ಅಕ್ಕಪಕ್ಕದಲ್ಲಿ ನೋಡಿದ ಮನುಷ್ಯನಿಗೆ ತನ್ನದು ಸರಿಯೋ ತಪ್ಪೋ ತಿಳಿಯುತ್ತದೆ, ಅದನ್ನು ಗುರುತಿಸುವುದೂ ಅವರೇ.

ಹೀಗಾದ ಮೇಲೆ ತಿರುಗುವಿಕೆಯ ಕೆಲಸ ಕಿರಿದಾಯಿತು. ಅದಕ್ಕೆ ತಕ್ಕಂತೆ ಸಮಯವೂ ಕಿರಿದಾಗಬೇಕಾಯಿತು. ಒಂದು ಸುತ್ತಿನಲ್ಲಿ 18 ಕಾರ್ಡು, ತಲಾ 1.2 ಸೆಕೆಂಡು ಎಂದರೆ 21 ಸೆಕೆಂಡಿಗೂ ಹೆಚ್ಚು ಕಾಲ ಬರೀ ರಟ್ಟು ಮಗುಚುವುದನ್ನು ನೋಡುತ್ತ ಕೂರಬೇಕು. ಮೂರು ಸುತ್ತಾದರೆ ಒಂದು ನಿಮಿಷ ದಾಟುತ್ತದೆ. ಸುಮಾರು 0.1 ಸೆಕೆಂಡಿನೊಳಗೆ ಬಂದ ಪ್ರತಿಕ್ರಿಯೆ ಜನರಿಗೆ ತಕ್ಷಣದ್ದೆಂದೇ ಅನ್ನಿಸುತ್ತದೆ, ಒಂದು ಸೆಕೆಂಡು ದಾಟಿದರೆ ಯೋಚನೆಯ ಎಳೆ ಕಡಿಯತೊಡಗುತ್ತದೆ ಎಂದು ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ ಹೇಳುತ್ತಾರೆ. ಈ ಎರಡರ ನಡುವೆ ನಾನು ಹಲವು ಅಳತೆಗಳನ್ನು ಹಾಕಿ ನೋಡಿ 350 ಮಿಲಿಸೆಕೆಂಡಿಗೆ ಬಂದು ನಿಂತೆ. ಇನ್ನೂ ಕಡಿಮೆ ಮಾಡಿದರೆ ಕಾರ್ಡು ಮಗುಚಿದ್ದು ಕಾಣುವುದಿಲ್ಲ, ಚಿತ್ರ ಮಿನುಗಿ ಬದಲಾದಂತಾಗುತ್ತದೆ. ಆಗ ಇದು ಅದೇ ಕಾರ್ಡಿನ ಹಿಂಬದಿ ಎಂಬ ಸೂಚನೆ ತಪ್ಪಿಹೋಗುತ್ತದೆ. ಆನಿಮೇಶನ್‌ನಿಂದ ನಿಜವಾಗಿ ಆಗಬೇಕಾದ ಕೆಲಸ ಆ ಸೂಚನೆಯೇ. ಚಲನೆ ನಿಧಾನವಾಗಿ ಹೊರಟು, ನಡುವೆ ವೇಗ ಪಡೆದು, ಮತ್ತೆ ನಿಧಾನವಾಗಿ ನಿಲ್ಲಬೇಕೆಂಬುದು ಕೈಯಿಂದ ಚಿತ್ರ ಬಿಡಿಸುತ್ತಿದ್ದ ಕಾಲದ ಆನಿಮೇಶನ್ ಕಲಾವಿದರ ಪಾಠ. 350 ಮಿಲಿಸೆಕೆಂಡಿನಲ್ಲೂ ಆ ಪಾಠದ ಫಲ ಕಣ್ಣಿಗೆ ತಿಳಿಯುತ್ತದೆ, ಪುಟಿತವನ್ನಂತೂ ತೆಗೆದುಹಾಕಿದೆ.

ತಿರುಗಿಸುವ ತಂತ್ರ ಮೇಲ್ನೋಟಕ್ಕೆ ಬಹಳ ಸುಲಭ. ಎರಡು ಮುಖಗಳನ್ನು ಒಂದರ ಮೇಲೊಂದು ಇಟ್ಟು, ಹಿಂಬದಿಯನ್ನು ಮೊದಲೇ 180 ಡಿಗ್ರಿ ತಿರುಗಿಸಿ, ಬೆನ್ನು ತೋರಿಸಿದ ಮುಖ ಕಾಣದಿರಲಿ ಎಂದು ಬ್ರೌಸರಿಗೆ ಹೇಳಿ, ಎರಡನ್ನೂ ಹೊತ್ತಿರುವ ಒಳಚೌಕಟ್ಟನ್ನು ತಿರುಗಿಸಿದರೆ ಆಯಿತು. ವೆಬ್ ಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಯಲ್ಲಿ ಹತ್ತು-ಹನ್ನೆರಡು ಸಾಲು. ಆದರೆ ಆ ಹನ್ನೆರಡು ಸಾಲುಗಳಲ್ಲಿ ನಾನು ಬೀಳದ ಗುಂಡಿಯಿಲ್ಲ. ಕಾರ್ಡಿನ ಮೂಲೆಗಳನ್ನು ದುಂಡಗೆ ಕತ್ತರಿಸಲೆಂದು ಒಳಚೌಕಟ್ಟಿಗೆ ‘ಓವರ್‌ಫ್ಲೋ ಹಿಡನ್’ (ಅಂಚು ದಾಟಿದ್ದನ್ನು ಮರೆಮಾಡು ಎಂಬ ಆಜ್ಞೆ) ಕೊಟ್ಟರೆ ಮೂರು ಆಯಾಮಗಳೂ ಚಪ್ಪಟೆಯಾಗಿ ಹಿಂಬದಿ ಕಾಣಿಸುವುದೇ ಇಲ್ಲ. ಮೌಸ್ ಮೇಲೆ ಬಂದಾಗ ತಾನೇ ತಿರುಗಲಿ ಎಂದು ತಿರುಗುವ ಚೌಕಟ್ಟಿಗೇ ಹೇಳಿದರೆ, ಕಾರ್ಡು 90 ಡಿಗ್ರಿಗೆ ಬಂದು ಗೆರೆಯಷ್ಟು ತೆಳ್ಳಗಾದಾಗ ಮೌಸಿನ ಕೆಳಗೆ ಏನೂ ಇರುವುದಿಲ್ಲ. ಮೌಸ್ ಹೊರಗೆ ಹೋಯಿತೆಂದು ತಿಳಿದು ಕಾರ್ಡು ವಾಪಸಾಗುತ್ತದೆ, ವಾಪಸಾಗಿ ಅಗಲವಾದೊಡನೆ ಮೌಸ್ ಮತ್ತೆ ಅದರ ಮೇಲಿರುತ್ತದೆ, ಮತ್ತೆ ತಿರುಗುತ್ತದೆ. ಗಾಳಿಗೆ ಸಿಕ್ಕ ಕಿಟಕಿಯ ಹಾಗೆ ಪಟಪಟನೆ ಬಡಿದುಕೊಳ್ಳುವ ಆ ಕಾರ್ಡನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅಲುಗದೆ ನಿಂತಿರುವ ಹೊರಚೌಕಟ್ಟಿನ ಮೇಲೆ ಕಣ್ಣಿಡುವಂತೆ ಹೇಳಿದರೆ ಇದು ಸರಿಹೋಗುತ್ತದೆ. ಆದರೂ ಬೆರಳಿನಿಂದ ಬಳಸುವ ಫೋನಿನಲ್ಲಿ ಮೇಲೆ ತೇಲುವ ಮೌಸೇ ಇರುವುದಿಲ್ಲವಾದ್ದರಿಂದ ಆ ಇಡೀ ಯೋಚನೆಯನ್ನೇ ಬಿಟ್ಟುಬಿಡುವುದು ಲೇಸು.

ಇದಕ್ಕಿಂತ ನಾಚಿಕೆಗೇಡಿನ ತಪ್ಪೊಂದನ್ನು ಇಲ್ಲಿ ಹೇಳಲೇಬೇಕು. ಒಂದೇ ಕಾರ್ಡನ್ನು ಇಟ್ಟು, “ಮುಂದೆ” ಒತ್ತಿದಾಗ ಅದರೊಳಗಿನ ವಿಷಯವನ್ನು ಮಾತ್ರ ಬದಲಿಸುವಂತೆ ನಾನು ಬರೆದಿದ್ದೆ. “ಮುಂದೆ” ಒತ್ತಿದ ಗಳಿಗೆಯಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತಿದ್ದವು: ಕಾರ್ಡು ಮುಂಬದಿಗೆ ಮರಳಲು ಶುರುಮಾಡುತ್ತಿತ್ತು, ಎರಡೂ ಮುಖಗಳಲ್ಲಿ ಮುಂದಿನ ಕಾರ್ಡಿನ ವಿಷಯ ಬಂದು ಕೂರುತ್ತಿತ್ತು. ಅಂದರೆ ಕಾರ್ಡು ಮರಳಿ ತಿರುಗುವ ಮೊದಲ ಅರ್ಧದಲ್ಲಿ, ಇನ್ನೂ ಪ್ರಶ್ನೆಯನ್ನೇ ನೋಡದ ಓದುಗರ ಕಣ್ಣೆದುರು ಮುಂದಿನ ಪ್ರಶ್ನೆಯ ಉತ್ತರ ಹಾದುಹೋಗುತ್ತಿತ್ತು. ಸೆಕೆಂಡಿನ ಒಂದು ಭಾಗ ಮಾತ್ರ, ಆದರೆ “ಉತ್ಕರ್ಷಣಕಾರಿ” ಎಂಬ ಒಂದು ಪದವನ್ನು ಓದಲು ಅಷ್ಟು ಸಾಕು. ನೆನಪಿನಿಂದ ಹೊರತೆಗೆಸುವುದಕ್ಕಾಗಿ ಇಷ್ಟೆಲ್ಲ ಮಾಡಿ, ಉತ್ತರವನ್ನು ನಾನೇ ಕಿವಿಯಲ್ಲಿ ಉಸುರುತ್ತಿದ್ದೆ. ತಿರುಗುವುದು ಮುಗಿದ ಸಂಕೇತ ಬಂದ ಮೇಲಷ್ಟೇ ವಿಷಯ ಬದಲಾಗಲಿ ಎಂದು ತಿದ್ದಿದೆ. ಆಗ ಇನ್ನೊಂದು ಕಡೆ ಕೆಟ್ಟಿತು: ಚಲನೆ ಬೇಡವೆಂದು ತಮ್ಮ ಕಂಪ್ಯೂಟರಿನಲ್ಲಿ ಹೊಂದಿಸಿಕೊಂಡವರಿಗೆ ನಾನು ತಿರುಗುವಿಕೆಯನ್ನೇ ತೆಗೆದಿದ್ದೆ, ತಿರುಗದಿದ್ದ ಮೇಲೆ ತಿರುಗಿ ಮುಗಿದ ಸಂಕೇತವೂ ಬರುವುದಿಲ್ಲ, ಅವರು ಮೊದಲ ಕಾರ್ಡಿನಲ್ಲೇ ಸಿಕ್ಕಿಹಾಕಿಕೊಂಡರು. ಈಗ ಪ್ರತಿ ಪ್ರಶ್ನೆಗೂ ಹೊಸ ಕಾರ್ಡೇ ಬರುತ್ತದೆ, ಹಳೆಯದು ಉತ್ತರ ತೋರಿಸುತ್ತಲೇ ಪಕ್ಕಕ್ಕೆ ಸರಿಯುತ್ತದೆ. ಮೊದಲೇ ಹೀಗೆ ಮಾಡಬಹುದಿತ್ತು.

ಚಲನೆ ಬೇಡವೆನ್ನುವವರ ಮಾತು ಸಣ್ಣದಲ್ಲ. ಒಳಕಿವಿಯ ಸಮತೋಲನದ ತೊಂದರೆ ಇರುವವರಿಗೆ ಪರದೆಯ ಮೇಲೆ ದೊಡ್ಡ ವಸ್ತುಗಳು ಮಗುಚುತ್ತಿದ್ದರೆ ತಲೆಸುತ್ತು, ವಾಕರಿಕೆ ಬರಬಹುದು. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಲು ಪಾಲಿಸಬೇಕಾದ ಮಾರ್ಗಸೂಚಿಯಾದ, 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1ರ 2.3.3ನೆಯ ಅಂಶ, ಇಂಥ ಚಲನೆಯನ್ನು ನಿಲ್ಲಿಸಲು ದಾರಿಯಿರಬೇಕು ಎನ್ನುತ್ತದೆ. ಆದರೆ ಅದು ಎಲ್ಲಕ್ಕಿಂತ ಮೇಲಿನ ಎಎಎ ಹಂತದಲ್ಲಿರುವುದರಿಂದ, ಅದಕ್ಕಿಂತ ಕೆಳಗಿನ ಎಎ ಹಂತ ಮುಟ್ಟಿದರೆ ಸಾಕೆನ್ನುವ ಕೋರ್ಸ್‌ಗಳು ಅದನ್ನು ಸುಲಭವಾಗಿ ದಾಟಿಹೋಗುತ್ತವೆ. ನಾನು ಅವರಿಗೆ ಮಗುಚುವ ಬದಲು ಒಂದು ಮುಖ ಮಸುಕಾಗಿ ಇನ್ನೊಂದು ಮೂಡುವಂತೆ ಮಾಡಿದ್ದೇನೆ. ಕಣ್ಣು ಕಾಣದವರ ಪಾಡು ಇದಕ್ಕಿಂತ ವಿಚಿತ್ರವಾಗಿತ್ತು. ಬೆನ್ನು ತೋರಿಸಿದ ಮುಖ ನೋಟಕ್ಕೆ ಮಾತ್ರ ಮರೆಯಾಗಿರುತ್ತದೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ತೆರೆದ ಪುಟವೇ. “ವೃತ್ತದ ಮೇಲೆ ಜ್ವಾಲೆ” ಎಂದ ಉಸಿರಿನಲ್ಲೇ ಅದು “ಉತ್ಕರ್ಷಣಕಾರಿ” ಎಂದೂ ಓದಿಬಿಡುತ್ತಿತ್ತು. ಹಿಂಬದಿಯನ್ನು ತಿರುಗುವವರೆಗೆ ನಿಜವಾಗಿ ನಿಷ್ಕ್ರಿಯಗೊಳಿಸಬೇಕು, ತಿರುಗಿದ ಮೇಲೆ ಮುಂಬದಿಯನ್ನು ಹಾಗೆ ಮಾಡಬೇಕು, ಉತ್ತರ ಬಂದಿದೆಯೆಂದು ದನಿಯಲ್ಲಿ ತಿಳಿಸಬೇಕು, ಕೀಲಿಮಣೆಯಿಂದಲೂ ಕಾರ್ಡು ತಿರುಗಬೇಕು.

ನಡುವೆ ಒಂದು ಮಾತು: ಕನ್ನಡದ ಕಾರ್ಡುಗಳಲ್ಲಿ ಸಾಲುಗಳ ನಡುವಿನ ಅಂತರವನ್ನು ಬೇರೆ ಲಿಪಿಯ ಅಳತೆಗೆ ಬಿಟ್ಟರೆ ಕೊನೆಯ ಸಾಲಿನ ಒತ್ತಕ್ಷರಗಳು ಕಾರ್ಡಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತವೆ. “ಉತ್ಕರ್ಷಣ”ದ ಒತ್ತು ಹೋದರೆ ಏನು ಉಳಿಯುತ್ತದೆಂದು ನೀವೇ ಓದಿ ನೋಡಿ.

ಇನ್ನು ಕಾರ್ಡು ತಿರುಗಿದ ಮೇಲಿನ ವಿಷಯ. ಆನಿಮೇಶನ್‌ಗೆ ಅರ್ಥ ಹೊರುವ ಅವಕಾಶವಿರುವುದು ಇಲ್ಲಿ ಎಂದು ನನಗೆ ತಡವಾಗಿ ಹೊಳೆಯಿತು. ಕಾರ್ಡು ಮಗುಚುವುದು ಎಲ್ಲ ಕಾರ್ಡುಗಳಿಗೂ ಒಂದೇ ರೀತಿ. ಆದರೆ ಉತ್ತರ ನೋಡಿದ ಮೇಲೆ ಆ ಕಾರ್ಡು ಎಲ್ಲಿಗೆ ಹೋಗುತ್ತದೆ ಎಂಬುದು ಓದುಗರ ಉತ್ತರವನ್ನು ಅವಲಂಬಿಸಿದೆ. 1972ರಲ್ಲಿ ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯಗೊಳಿಸಿದ ಪದ್ಧತಿಯಲ್ಲಿ, ಸರಿಯಾದ ಕಾರ್ಡು ಮುಂದಿನ ಪೆಟ್ಟಿಗೆಗೆ ಹೋಗುತ್ತದೆ, ತಪ್ಪಾದದ್ದು ಮತ್ತೆ ಮೊದಲ ಪೆಟ್ಟಿಗೆಗೆ ಬೀಳುತ್ತದೆ. ಪೆಟ್ಟಿಗೆ ಮುಂದಾದಂತೆ ಅದನ್ನು ತೆರೆಯುವ ಅಂತರ ಹೆಚ್ಚುತ್ತದೆ. ಒಂದೇ ಕೂರುವಿಕೆಯಲ್ಲಿ ಮುಗಿಯುವ ಕೋರ್ಸ್‌ನಲ್ಲಿ ದಿನಗಳ ಅಂತರಕ್ಕೆ ಅರ್ಥವಿಲ್ಲವಾದ್ದರಿಂದ, ನಾನು ಕಾರ್ಡುಗಳ ಅಂತರವನ್ನು ಇಟ್ಟುಕೊಂಡೆ: ತಪ್ಪಿದ ಕಾರ್ಡು ಕಣ್ಣೆದುರೇ ಕಟ್ಟಿನ ಮೇಲಿನಿಂದ ಮೂರು ಕಾರ್ಡುಗಳ ಕೆಳಗೆ ತೂರಿಕೊಳ್ಳುತ್ತದೆ, ಸರಿಯಾದದ್ದು ಕಟ್ಟಿನ ತಳಕ್ಕೆ ಹೋಗುತ್ತದೆ. ಆ ತೂರಿಕೊಳ್ಳುವ ಚಲನೆಗೆ 500 ಮಿಲಿಸೆಕೆಂಡು ಕೊಟ್ಟಿದ್ದೇನೆ, ತಿರುಗುವುದಕ್ಕಿಂತ ಹೆಚ್ಚು. ಅದು ಮತ್ತೆ ಬರುತ್ತದೆಂದು ಓದುಗರು ಬಾಯಿಬಿಟ್ಟು ಹೇಳಿಸಿಕೊಳ್ಳದೆಯೇ ತಿಳಿಯುತ್ತಾರೆ.

ಒಮ್ಮೆ ಸರಿಯಾದ ಕಾರ್ಡನ್ನು ಕಟ್ಟಿನಿಂದಲೇ ತೆಗೆದುಬಿಡಿ, ಕೋರ್ಸ್ ಬೇಗ ಮುಗಿಯುತ್ತದೆ ಎಂದು ಕೋರ್ಸ್ ಮಾಡಿಸಿದವರು ಕೇಳಿದರು. ನಾನು ಒಪ್ಪಲಿಲ್ಲ. ಕಾರ್ಪಿಕೆ ಮತ್ತು ರೋಡಿಗರ್ 2008ರಲ್ಲಿ 40 ಸ್ವಾಹಿಲಿ-ಇಂಗ್ಲಿಷ್ ಪದಜೋಡಿಗಳೊಂದಿಗೆ ಮಾಡಿದ ಪ್ರಯೋಗದಲ್ಲಿ, ಒಮ್ಮೆ ನೆನಪಾದ ಮೇಲೂ ಕೇಳುತ್ತಲೇ ಹೋದವರಿಗೆ ಒಂದು ವಾರದ ನಂತರ ಸುಮಾರು ಶೇ. 80ರಷ್ಟು ನೆನಪಿತ್ತು, ನೆನಪಾದೊಡನೆ ಆ ಪದವನ್ನು ಕೇಳುವುದನ್ನು ನಿಲ್ಲಿಸಿದವರಿಗೆ ಶೇ. 35ರ ಆಸುಪಾಸು. ಕುತೂಹಲದ ಸಂಗತಿಯೆಂದರೆ, ಎಷ್ಟು ನೆನಪಿರಬಹುದೆಂದು ಕೇಳಿದಾಗ ಎಲ್ಲ ಗುಂಪುಗಳೂ ಸರಿಸುಮಾರು ಒಂದೇ ಅಂದಾಜು ಹೇಳಿದ್ದವು. ಕಲಿಯುವವರಿಗೇ ತಿಳಿಯದ ವ್ಯತ್ಯಾಸವನ್ನು “ಇಷ್ಟವಾಯಿತೇ?” ಎಂಬ ಅಭಿಪ್ರಾಯ ಪತ್ರ ಹೇಳಲಾರದು. ಎರಡು ಸಲ ಸರಿಯಾದ ಮೇಲೆ ಕಾರ್ಡು ಹೊರಹೋಗಲಿ ಎಂಬಲ್ಲಿಗೆ ನಾವು ರಾಜಿಯಾದೆವು.

ಯಾವ ಕಾರ್ಡು ಎಲ್ಲಿದೆ ಎಂಬುದನ್ನು ಕೋರ್ಸ್ ನೆನಪಿಟ್ಟುಕೊಳ್ಳಬೇಕಲ್ಲ, ಅದು ಇನ್ನೊಂದು ಕಥೆ. ಕೋರ್ಸ್ ಮತ್ತು ಅದನ್ನು ನಡೆಸುವ ತಾಣ ಪರಸ್ಪರ ಮಾಹಿತಿ ಹಂಚಿಕೊಳ್ಳಲು ಬಳಸುವ ಸ್ಕಾರ್ಮ್ 1.2 ಎಂಬ ಹಳೆಯ ಮಾನದಂಡದಲ್ಲಿ ಕಲಿಯುವವರ ಸ್ಥಿತಿಯನ್ನು ಉಳಿಸಲು ಇರುವ ಜಾಗ 4,096 ಅಕ್ಷರಗಳು. ನಂತರದ ಒಂದು ಕೋರ್ಸ್‌ನಲ್ಲಿ 120 ಕಾರ್ಡುಗಳಿಗೆ ತಲಾ 40 ಅಕ್ಷರಗಳ ಪುಟ್ಟ ಚರಿತ್ರೆ ಬರೆಯಹೊರಟು 4,800ಕ್ಕೆ ತಲುಪಿದ್ದೆ. ಯಾವ ಎಚ್ಚರಿಕೆಯೂ ಬರಲಿಲ್ಲ. ಅರ್ಧಕ್ಕೆ ಬಿಟ್ಟುಹೋದವರು ಮರಳಿ ಬಂದಾಗ ಮೊದಲ ಕಾರ್ಡಿಗೇ ಬಂದು ನಿಲ್ಲುತ್ತಿದ್ದರು. ಈಗ ಕಾರ್ಡಿಗೆ ಒಂದೇ ಅಂಕಿ: 0, 1 ಅಥವಾ 2. ನೂರಿಪ್ಪತ್ತು ಕಾರ್ಡು, ನೂರಿಪ್ಪತ್ತು ಅಕ್ಷರ.

ಇಷ್ಟೆಲ್ಲ ತಿದ್ದಿದ ಮೇಲೆ ಮತ್ತೊಬ್ಬರನ್ನು ಕೂರಿಸಿ ನೋಡಿದೆ. ಮೊದಲ ಕಾರ್ಡಿಗೆ ಅವರ ಮುಖವೇನೂ ಅರಳಲಿಲ್ಲ. ಬುರುಡೆ ಮತ್ತು ಮೂಳೆಗಳ ಚಿಹ್ನೆಗೆ “ವಿಷ” ಎಂದು ಬರೆದು ಮುಂದೆ ಹೋದರು. ಬರೀ ಜ್ವಾಲೆಗೆ “ಬೆಂಕಿ” ಎಂದು ಬರೆದರು. ವೃತ್ತದ ಮೇಲಿನ ಜ್ವಾಲೆ ಬಂದಾಗ “ಬೆಂ” ಎಂದು ಟೈಪ್ ಮಾಡಿ ನಿಲ್ಲಿಸಿದರು. ಅಳಿಸಿದರು. ಮೌಸ್ ಅಲುಗಲಿಲ್ಲ, ಕರ್ಸರ್ ಮಾತ್ರ ಮಿನುಗುತ್ತಿತ್ತು. ಅಷ್ಟು ಹೊತ್ತು ಏನೂ ಆಗದಿದ್ದುದನ್ನು ಕಂಡು, ಪುಟ ಎಲ್ಲೋ ಸಿಕ್ಕಿಕೊಂಡಿರಬೇಕೆಂದುಕೊಂಡು ನಾನು ಕೀಲಿಮಣೆಯ ಕಡೆಗೆ ಕೈ ಚಾಚಿದೆ. “ಇರಿ, ಇರಿ, ಇದು ಆಗಿನದ್ದಲ್ಲ” ಎಂದು ಅವರು ನನ್ನ ಕೈಯನ್ನು ತಡೆದರು. ಆಮೇಲೆ “ಗೊತ್ತಿಲ್ಲ” ಒತ್ತಿದರು, ಉತ್ತರವನ್ನು ಎರಡು ಸಲ ಓದಿದರು, ಕಾರ್ಡು ಮೂರು ಕಾರ್ಡುಗಳ ಕೆಳಗೆ ತೂರಿಕೊಂಡಿತು.